ಸಚಿವಾಲಯ, ಇಳಿಯೋರು ಇಳೀರಿ

ಡಿಪೋದಲ್ಲಿ ಅವನಿಗೆ ‘ಹೂಂ’ ಎಂದು ಹೆಸರು. ಎರಡು ಪಾಳಿ ಒಟ್ಟಿಗೆ ಮಾಡು ಅಂದರೆ ಹೂಂ, ವಾರದ ರಜೆ ಈ ಸಲ ಇಲ್ಲ ಅಂದರೆ ಹೂಂ, ಸೀಟಿನ ಸ್ಪ್ರಿಂಗು ಕಿತ್ತು ಬೆನ್ನಿಗೆ ಚುಚ್ಚುವ ಬಸ್ಸನ್ನೇ ಕೊಟ್ಟರೂ ಹೂಂ. ಹಿಂದಿನ ಮುಷ್ಕರದಲ್ಲಿ ಅವನ ಜೊತೆಗಾರರಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡರು. ಒಬ್ಬ ತರಕಾರಿ ಗಾಡಿ ತಳ್ಳುತ್ತಿದ್ದ, ಇನ್ನೊಬ್ಬ ಯಾರದೋ ಮನೆಯ ಗೇಟು ಕಾಯುತ್ತಿದ್ದ. ಅವನು ಮಾತ್ರ ಸ್ಟೇರಿಂಗು ಬಿಟ್ಟಿರಲಿಲ್ಲ. ‘ಯಾರ ತಂಟೆಗೂ ಹೋಗದ ಮನುಷ್ಯ’ ಎಂದು ಡಿಪೋ ಮ್ಯಾನೇಜರು ಹೊಗಳುತ್ತಿದ್ದರು. ಉಳಿದವರೂ ಅದೇ ಮಾತು ಹೇಳುತ್ತಿದ್ದರು, ದನಿ ಮಾತ್ರ ಬೇರೆ.

ಮನೆಯಲ್ಲಿ ಮಾತೆಲ್ಲ ಅಕ್ಕನ ಪಾಲಿಗೆ ಬಂದಿತ್ತು. ಹೆತ್ತವರು ಒಬ್ಬರ ಹಿಂದೊಬ್ಬರು ಹೋದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅಕ್ಕ ಹೊಲಿಗೆ ಕಾರ್ಖಾನೆ ಸೇರಿದಳು. ಅಂಗಿಯ ಕಾಲರ್ ಹೊಲಿದು ಹೊಲಿದು ಅವನನ್ನು ಓದಿಸಿದಳು. ಓದು ತಲೆಗೆ ಹತ್ತುವುದಿಲ್ಲ ಎಂದು ಗೊತ್ತಾದ ಮೇಲೆ ಡ್ರೈವಿಂಗ್ ಕಲಿಸಿದಳು. ಮದುವೆ ಬೇಡ ಎಂದವಳಲ್ಲ, ಅದಕ್ಕೆ ಪುರುಸೊತ್ತಾಗಲಿಲ್ಲ ಅಷ್ಟೆ. ಈಗ ಅವನ ಎರಡು ಕೋಣೆಯ ಮನೆಯಲ್ಲಿ ಅವನ ಹೆಂಡತಿ, ಮಗಳ ಜೊತೆ ಇದ್ದಳು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಕಾಲರಕ್ಕ. ಎದುರಿಗೆ ಯಾರೇ ಬಂದು ನಿಂತರೂ ಮುಖಕ್ಕಿಂತ ಮೊದಲು ಅವರ ಕಾಲರ್ ನೋಡುವುದು ಅವಳ ಚಾಳಿ. ಒಮ್ಮೆ ವೈದ್ಯರ ಕೋಣೆಯಲ್ಲಿ ನಾಲಗೆ ಚಾಚಿ ಕೂತವಳು, ಪರೀಕ್ಷೆ ಮುಗಿದ ಕೂಡಲೇ, “ಎಡಗಡೆ ತುದಿ ಸೊಟ್ಟ ಇದೆ ಡಾಕ್ಟ್ರೇ, ಬಿಚ್ಚಿ ಕೊಟ್ರೆ ಸರಿ ಮಾಡ್ತೀನಿ” ಅಂದಿದ್ದಳು.

ಆ ದಿನ ಬೆಳಿಗ್ಗೆ ಅವನು ಸಮವಸ್ತ್ರ ತೊಟ್ಟು ಬರುವಾಗ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತು ಹಳೆಯ ಕ್ಯಾನ್ವಾಸ್ ಶೂಗೆ ಲೇಸು ಕಟ್ಟುತ್ತಿದ್ದಳು. ಕೆಲಸಕ್ಕೆ ಹೋಗುವ ದಿನ ಅವಳು ಚಪ್ಪಲಿ ಹಾಕುತ್ತಿದ್ದಳು. ಅವನಿಗೆ ಗೊತ್ತಾಯಿತು.

“ಹೋಗ್ಲೇಬೇಕಾ ಅಕ್ಕ?”

“ಎಲ್ಲಾ ಕಾರ್ಖಾನೆಯವರೂ ಬರ್ತಿದ್ದಾರೆ. ಸಚಿವಾಲಯದವರೆಗೂ ನಡೀತೀವಿ.”

“ಪೊಲೀಸರು ಸೇತುವೆ ದಾಟೋಕೆ ಬಿಡಲ್ಲ.”

“ಬಿಡದಿದ್ರೆ ಅಲ್ಲೇ ಕೂತ್ಕೋತೀವಿ. ಕೂತು ಅಭ್ಯಾಸ ಇದೆ ನಮಗೆ.”

ಸರ್ಕಾರ ಹೊಸ ಕಾನೂನು ತರಲು ಹೊರಟಿತ್ತು. ಎಂಟು ಗಂಟೆಯ ಕೆಲಸದ ದಿನವನ್ನು ಹನ್ನೆರಡು ಗಂಟೆ ಮಾಡಬಹುದು, ಕೆಲಸಗಾರರು ಒಪ್ಪಿದರೆ ಮಾತ್ರ ಎಂದು ಅದರಲ್ಲಿ ಬರೆದಿದ್ದರು. ಅಕ್ಕ ಅದನ್ನು ಪೇಪರಿನಲ್ಲಿ ಎರಡು ಸಲ ಓದಿ, “ಒಪ್ಪದೋರ ಕೆಲಸ ಉಳಿಯುತ್ತೆ ಅಂತ ಎಲ್ಲೂ ಬರೆದಿಲ್ವಲ್ಲ” ಎಂದು ಪೇಪರನ್ನು ಮಡಿಸಿ ಡಬ್ಬಿಯ ಕೆಳಗೆ ಹಾಸಿದ್ದಳು. ಅವರ ಕಾರ್ಖಾನೆಯಲ್ಲಿ ಈಗಲೇ ಪಾಯಿಖಾನೆಗೆ ಹೋಗಬೇಕಾದರೆ ಸೂಪರ್‌ವೈಸರ್ ಹತ್ತಿರ ಟೋಕನ್ ಇಸಿದುಕೊಳ್ಳಬೇಕಿತ್ತು. ಒಂದು ಸಾಲಿಗೆ ಒಂದೇ ಟೋಕನ್. ಅದಕ್ಕಾಗಿ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ.

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ?” ಅಂದ ಅವನು.

“ಹೆಚ್ಚಾಗ್ತಿರೋದು ಅವರ ಕಡೆ, ಕಮ್ಮಿ ಆಗ್ತಿರೋದು ನಮ್ಮ ಕಡೆ. ಅದಕ್ಕೇ ಹೊರಟಿದ್ದು.”

“ಅಕ್ಕ ತಮ್ಮ ಬೀದೀಲಿ ಜಗಳ ಆಡ್ಕೊಳಿ, ನನಗೆ ಒಲೆ ಹತ್ರ ಹೋಗೋಕೆ ದಾರಿ ಬಿಡಿ” ಎಂದು ಅವನ ಹೆಂಡತಿ ಇಬ್ಬರ ಕೈಗೂ ಒಂದೊಂದು ಊಟದ ಡಬ್ಬಿ ತುರುಕಿದಳು. ಅಕ್ಕ ಎದ್ದು ನಿಂತು, ಹೊರಡುವ ಮುಂಚೆ ತಮ್ಮನ ಕಾಲರನ್ನು ಹಿಂದಿನಿಂದ ಒಮ್ಮೆ ಎಳೆದು ನೇರ ಮಾಡಿದಳು. ಅವನು ಹೂಂ ಅಂದ. ಯಾವುದಕ್ಕೆ ಅಂದನೋ ಅವನಿಗೇ ಗೊತ್ತಿರಲಿಲ್ಲ.

ಡಿಪೋದಲ್ಲಿ ಮ್ಯಾನೇಜರು ಅವನಿಗಾಗಿಯೇ ಕಾಯುತ್ತಿದ್ದರು. “ಇವತ್ತು ನಿನಗೆ ರೂಟಿಲ್ಲಪ್ಪ. ಬೋರ್ಡು ತೆಗೆದು ‘ವಿಶೇಷ’ ಹಾಕು. ಪೊಲೀಸಿನೋರು ಮೂರು ಬಸ್ಸು ಕೇಳಿದ್ದಾರೆ.”

“ಯಾರನ್ನ ಕರ್ಕೊಂಡು ಹೋಗೋಕೆ ಸಾರ್?” ಎಂದು ಕೇಳಿದ್ದು ಅವನಲ್ಲ, ಅವನ ಬಸ್ಸಿನ ಕಂಡಕ್ಟರಮ್ಮ. ಎತ್ತರದ ಹೆಂಗಸು, ಕತ್ತಿನಲ್ಲಿ ಸೀಟಿ, ಬಾಯಲ್ಲಿ ಅದಕ್ಕಿಂತ ಜೋರಾದ ದನಿ. ಅವಳ ಜೊತೆ ಪಾಳಿ ಮಾಡಲು ಉಳಿದ ಡ್ರೈವರುಗಳು ಹಿಂದೆಮುಂದೆ ನೋಡುತ್ತಿದ್ದರು. ಇವನು ಎದುರು ಮಾತಾಡುವವನಲ್ಲ, ಅದಕ್ಕೇ ಇಬ್ಬರಿಗೂ ವರ್ಷಗಳಿಂದ ಹೊಂದಿಕೊಂಡು ಹೋಗಿತ್ತು.

“ಯಾರನ್ನ ಹತ್ತಿಸ್ತಾರೋ ಅವರನ್ನ” ಅಂದರು ಮ್ಯಾನೇಜರು. “ಟಿಕೇಟಿಲ್ಲ. ನೀನು ಬೇಕಾದ್ರೆ ಇಲ್ಲೇ ಇರಮ್ಮ.”

“ನನ್ನ ಬಸ್ಸು ನಾನಿಲ್ದೆ ಗೇಟು ದಾಟಿದ್ದು ಯಾವಾಗ?” ಎಂದು ಅವಳು ಹತ್ತಿ ಕೂತಳು.

ಮೂರು ಬಸ್ಸುಗಳನ್ನು ಸೇತುವೆಗಿಂತ ಸ್ವಲ್ಪ ಮೊದಲೇ, ಒಂದು ಅಡ್ಡರಸ್ತೆಯಲ್ಲಿ, ದೊಡ್ಡ ರಸ್ತೆಗೆ ಮೂತಿ ಮಾಡಿ ನಿಲ್ಲಿಸಿದರು. ಅಂಗಡಿಗಳ ಷಟರ್ ಅರ್ಧ ಇಳಿದಿದ್ದವು. ಅರ್ಧ ಏರಿದ್ದವು ಅಂತಲೂ ಹೇಳಬಹುದು, ಒಳಗಿನವರು ಬಗ್ಗಿ ನೋಡುತ್ತಿದ್ದರು. ಸೇತುವೆಯ ಬಾಯಿಗೆ ಹಳದಿ ಕಬ್ಬಿಣದ ತಡೆಗಳನ್ನು ಎರಡು ಸಾಲು ಇಟ್ಟು ಸರಪಳಿ ಬಿಗಿದಿದ್ದರು.

ಮೊದಲು ಕೇಳಿದ್ದು ಸದ್ದು. ಘೋಷಣೆಯಲ್ಲ, ಸಾವಿರಾರು ಚಪ್ಪಲಿಗಳು ಒಟ್ಟಿಗೆ ರಸ್ತೆ ಉಜ್ಜುವ ಸದ್ದು. ಆಮೇಲೆ ತಿರುವಿನಿಂದ ನೀಲಿ ಬಣ್ಣ ಹರಿದು ಬಂತು. ಎಲ್ಲರೂ ಕಾರ್ಖಾನೆಯ ನೀಲಿ ಕೋಟಿನಲ್ಲೇ ಬಂದಿದ್ದರು. ಅವನು ಎಷ್ಟೋ ಮೆರವಣಿಗೆಗಳನ್ನು ಗಾಜಿನ ಈಚೆಯಿಂದ ನೋಡಿದ್ದ. ಅವೆಲ್ಲ ಅವನ ಪಾಲಿಗೆ ತಡವಾಗುವ ಟ್ರಿಪ್ಪು, ಬೈಯುವ ಪ್ರಯಾಣಿಕರು. ಈ ಸಲ ಅವನು ಒಂದೊಂದು ಮುಖವನ್ನೂ ನೋಡುತ್ತ ಹೋದ. ಮುಂದಿನ ಸಾಲಿನಲ್ಲೇ ಅಕ್ಕ ಇದ್ದಳು. ಬ್ಯಾನರಿನ ಒಂದು ಕೋಲು ಅವಳ ಕೈಯಲ್ಲಿತ್ತು. ಅವಳು ಕೂಗುತ್ತಿದ್ದಳು, ಹಿಂದಿನವರು ಮುಗಿಸುತ್ತಿದ್ದರು.

“ಕಾಲರ್ ಹೊಲಿಯೋ ಕೈ ಇದು!”

“ಕಾಲರ್ ಹಿಡಿಯೋ ಕೈ ಇದು!”

“ಅಯ್ಯೋ, ನಿಮ್ಮಕ್ಕ ಅಲ್ವಾ?” ಅಂದಳು ಕಂಡಕ್ಟರಮ್ಮ. ಅವನು ಕಿಟಕಿಯ ಗಾಜು ಇಳಿಸಿದ.

ಹೆಂಗಸರು ತಡೆಯ ಹತ್ತಿರ ಬಂದು ನಿಂತರು, ಯಾರೋ ಏನೋ ಓದಿದರು, ಆಮೇಲೆ ಎಲ್ಲರೂ ಕೂತರು. ಬಿಸಿಲಿಗೆ ಟಾರು ಕಾದಿತ್ತು. ಇನ್‌ಸ್ಪೆಕ್ಟರು ಮೈಕಿನಲ್ಲಿ ಎದ್ದು ಹೋಗಿ ಅಂದರು. ಯಾರೂ ಏಳಲಿಲ್ಲ. ಮತ್ತೊಮ್ಮೆ ಅಂದರು. ಯಾರೋ ಒಬ್ಬಳು, “ಟೋಕನ್ ಕೊಡಿ ಸಾರ್, ಏಳ್ತೀವಿ” ಅಂದಳು, ನಗು ಅಲೆಯ ಹಾಗೆ ಹಿಂದಿನವರೆಗೂ ಹೋಯಿತು. ಆ ನಗುವನ್ನೇ ಇನ್‌ಸ್ಪೆಕ್ಟರಿಗೆ ತಡೆಯಲಾಗಲಿಲ್ಲವೇನೋ. ಲಾಠಿಗಳು ಎದ್ದವು. ಮುಂದಿನ ಸಾಲುಗಳನ್ನು ಕೈಕಾಲು ಹಿಡಿದು ಎತ್ತತೊಡಗಿದರು. ಒಂದು ಚಪ್ಪಲಿ ಹಾರಿ ಬಂದು ಬಸ್ಸಿನ ಮುಂಗಾಜಿಗೆ ತಗುಲಿ ಬಿತ್ತು.

ಎರಡು ಬಸ್ಸು ತುಂಬಿದ ಮೇಲೆ ಅವನ ಬಸ್ಸಿಗೆ ಹತ್ತಿಸಿದರು. ಕೋಟು ಹರಿದವರು, ಮೊಣಕೈ ತರಚಿದವರು, ಇನ್ನೂ ಕೂಗುತ್ತಲೇ ಇದ್ದವರು. ಕೊನೆಗೆ ಮೆಟ್ಟಿಲ ಹತ್ತಿರ ಅಕ್ಕನ ದನಿ ಕೇಳಿತು. “ತಳ್ಳಬೇಡಪ್ಪ. ಬಸ್ ಹತ್ತೋಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.”

ಒಳಗೆ ಬಂದವಳು ಸ್ಟೇರಿಂಗಿನ ಮುಂದೆ ತಮ್ಮನನ್ನು ನೋಡಿ ಒಂದು ಕ್ಷಣ ನಿಂತಳು. ಹಣೆಯ ಮೇಲೆ ಸಣ್ಣ ಗಾಯ, ಕೈಯಲ್ಲಿ ಬ್ಯಾನರಿನ ಮುರಿದ ಕೋಲು. ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು.

“ಊಟ ಆಯ್ತಾ?” ಅಂದಳು.

“ಇನ್ನೂ ಇಲ್ಲ.”

“ಹೊತ್ತು ಹೊತ್ತಿಗೆ ತಿನ್ನು. ಆಮೇಲೆ ಹೊಟ್ಟೆ ಉರಿ ಅಂತೀಯ.”

ಇನ್‌ಸ್ಪೆಕ್ಟರು ಕಿಟಕಿಯ ಹತ್ತಿರ ಬಂದರು. “ನನ್ನ ಜೀಪು ಮುಂದೆ ಹೋಗುತ್ತೆ. ಹಿಂದೆ ಬಾ. ಹೆದ್ದಾರಿ ಆಚೆ ಹಳೇ ಕಲ್ಲಿನ ಕ್ವಾರಿ ಇದೆಯಲ್ಲ, ಅಲ್ಲಿ ಎಲ್ಲರನ್ನೂ ಇಳಿಸಿ ನೀನು ಡಿಪೋಗೆ ಹೋಗು.”

“ಸ್ಟೇಷನ್ನಿಗಲ್ವಾ ಸಾರ್?”

“ಸ್ಟೇಷನ್ನಿಗೆ ಕರ್ಕೊಂಡು ಹೋದ್ರೆ ಕೇಸು, ಕೋರ್ಟು, ಇವರಿಗೆ ಪೇಪರಲ್ಲಿ ಫೋಟೋ. ಬೇಡ.”

“ಆ ಕಡೆ ಬಸ್ಸಿಲ್ಲ ಸಾರ್. ವಾಪಸ್ ಹೇಗೆ ಬರ್ತಾರೆ?”

ಕಂಡಕ್ಟರಮ್ಮ ತಿರುಗಿ ನೋಡಿದಳು. ಅವನು ಅಧಿಕಾರಿಯೊಬ್ಬರಿಗೆ ಎರಡನೆಯ ಪ್ರಶ್ನೆ ಕೇಳಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

“ನಡ್ಕೊಂಡು ಬರ್ಲಿ” ಅಂದರು ಇನ್‌ಸ್ಪೆಕ್ಟರು. “ನಡೆಯೋ ಚಟ ತಾನೇ ಇವರಿಗೆ. ತೀರ್ಲಿ. ಅರ್ಥ ಆಯ್ತಾ?”

“ಹೂಂ” ಅಂದ ಅವನು.

ಮುಂಬಾಗಿಲಿಗೆ ಒಬ್ಬ ವಯಸ್ಸಾದ ಪೇದೆ, ಹಿಂಬಾಗಿಲಿಗೆ ಒಬ್ಬಳು ಎಳೆಯ ಪೇದೆ ನಿಂತರು. ಜೀಪು ಹೊರಟಿತು, ಅದರ ಹಿಂದೆ ಎರಡು ಬಸ್ಸು, ಕೊನೆಗೆ ಅವನದು.

ಬಸ್ಸಿನೊಳಗೆ ಮಾತು ಕ್ವಾರಿಯ ಸುತ್ತಲೇ ತಿರುಗುತ್ತಿತ್ತು. ಎಲ್ಲಿದೆಯಂತೆ, ನೀರಿದೆಯಾ, ನಡೆದರೆ ಮನೆ ಮುಟ್ಟುವುದು ಎಷ್ಟು ಹೊತ್ತಿಗೆ. ಎಡಗಡೆಯ ಮೊದಲ ಸೀಟಿನಲ್ಲಿ ಒಬ್ಬ ತೆಳ್ಳನೆಯ ಹೆಂಗಸು ಎದೆಗೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿ ಕೂತಿದ್ದಳು. ನೋವಾಗಿದೆಯಾ ಎಂದು ಕಂಡಕ್ಟರಮ್ಮ ಕೇಳಿದಾಗ ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಕಂಡಕ್ಟರಮ್ಮನೇ ನೋಡಿದಳು, ಕೋಟಿನ ಮುಂಭಾಗ ಒದ್ದೆಯಾಗಿತ್ತು.

“ಮಗು ಎಷ್ಟು ತಿಂಗಳದ್ದು?”

“ಐದು. ಪಕ್ಕದ ಮನೆ ಅಜ್ಜಿ ಹತ್ರ ಬಿಟ್ಟು ಬಂದಿದ್ದೀನಿ. ಮಧ್ಯಾಹ್ನಕ್ಕೆ ಬರ್ತೀನಿ ಅಂದಿದ್ದೆ.” ಅವಳು ಡ್ರೈವರಿನ ಕಡೆ ನೋಡಿ, ಬಸ್ಸಿನಲ್ಲಿ ದಿನಾ ಕೇಳುವ ಹಾಗೆಯೇ ಕೇಳಿದಳು. “ಅಣ್ಣ, ವಾಪಸ್ ಎಷ್ಟು ಗಂಟೆಗೆ ಬರುತ್ತೆ ಈ ಬಸ್ಸು?”

ಅವನು ಕನ್ನಡಿಯಲ್ಲಿ ಅಕ್ಕನ ಮುಖ ಹುಡುಕಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

“ಅಕ್ಕ.”

“ರಸ್ತೆ ನೋಡಿ ಓಡ್ಸು.”

“ನಾನೇನು ಮಾಡ್ಲಿ?”

“ನಾನು ಏನೂ ಹೇಳಲ್ಲಪ್ಪ. ನಿನಗೆ ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ನನ್ನ ದಾರಿ ನಾನು ನಡ್ಕೋತೀನಿ. ನಿನ್ನ ಮೇಲೆ ನನಗೆ ಕೋಪ ಇಲ್ಲ.”

ಅವಳು ಬೈದಿದ್ದರೆ ಅವನು ಬಹುಶಃ ನೇರವಾಗಿ ಹೋಗಿಬಿಡುತ್ತಿದ್ದ. ಕೋಪ ಇಲ್ಲ ಅಂದದ್ದು ಎದೆಯಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತು.

ದೊಡ್ಡ ವೃತ್ತ ಬಂತು. ನೇರ ಹೋದರೆ ಹೆದ್ದಾರಿ. ಎಡಕ್ಕೆ ತಿರುಗಿದರೆ ಮಾರುಕಟ್ಟೆ, ಆಸ್ಪತ್ರೆ, ಆಮೇಲೆ ಹಿಂದಿನಿಂದ ಸುತ್ತಿ ಬರುವ ಸಚಿವಾಲಯದ ರಸ್ತೆ, ಅದು ಅವನ ದಿನನಿತ್ಯದ ರೂಟು. ಜೀಪು ನೇರ ಹೋಯಿತು. ಎರಡು ಬಸ್ಸೂ ನೇರ ಹೋದವು. ಅವನ ಎಡಗೈ ಗೇರು ಇಳಿಸಿತು. ಬಸ್ಸು ಎಡಕ್ಕೆ ತಿರುಗಿತು, ನಿಂತಿದ್ದವರೆಲ್ಲ ಬಲಕ್ಕೆ ವಾಲಿ ಕಂಬಿ ಹಿಡಿದರು.

ಕಂಡಕ್ಟರಮ್ಮ ಒಂದು ಸಲ ಅವನನ್ನು ನೋಡಿದಳು. ಆಮೇಲೆ ಕತ್ತಿನ ಸೀಟಿ ಬಾಯಿಗಿಟ್ಟು ಎರಡು ಸಲ ಊದಿದಳು. “ರೈಟ್, ರೈಟ್!”

“ಏಯ್, ಎಲ್ಲಿಗೆ ಹೋಗ್ತಿದ್ದೀಯ?” ವಯಸ್ಸಾದ ಪೇದೆ ಗಾಬರಿಯಿಂದ ಕೇಳಿದ.

“ರೂಟಿಗೆ ಸಾರ್.”

“ಯಾವ ರೂಟು? ಸಾಹೇಬರು ನೇರ ಹೋದ್ರಲ್ಲ!”

“ಅವರಿಗೆ ಅದು ದಾರಿ. ನನಗೆ ಇದು.”

“ನಿಲ್ಸು, ಬಸ್ ನಿಲ್ಸು” ಎಂದು ಹಿಂದಿನ ಪೇದೆ ಹುಡುಗಿ ಕೂಗಿದಳು.

“ನಿಲ್ಲಿಸ್ತೀನಮ್ಮ, ಸ್ಟಾಪ್ ಬಂದಾಗ. ನಡುರಸ್ತೇಲಿ ನಿಲ್ಲಿಸಿದ್ರೆ ಎಲ್ಲರೂ ಇಲ್ಲೇ ಇಳಿದು ಚದುರಿ ಹೋಗ್ತಾರೆ. ನೀವಿಬ್ರೇ ಏನು ಮಾಡ್ತೀರ?”

ಪೇದೆ ಫೋನು ತೆಗೆದು ಇನ್‌ಸ್ಪೆಕ್ಟರಿಗೆ ಮಾಡಿದ. ಆ ಕಡೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಬಸ್ಸಿನೊಳಗೆ ಆಗಲೇ ಎಲ್ಲರಿಗೂ ವಿಷಯ ತಿಳಿದು, ತಗಡಿನ ಗೋಡೆಯನ್ನು ಅಂಗೈಯಿಂದ ಬಡಿಯತೊಡಗಿದ್ದರು. ಆ ಗಲಾಟೆಯಲ್ಲಿ ಫೋನು ಹತ್ತಿದ್ದರೂ ಏನೂ ಕೇಳುತ್ತಿರಲಿಲ್ಲ.

“ಕೂತ್ಕೊಳಿ ಸಾರ್” ಎಂದು ಕಂಡಕ್ಟರಮ್ಮ ತನ್ನ ಸೀಟು ಬಿಟ್ಟುಕೊಟ್ಟಳು. “ಮಾರ್ಕೆಟ್ ಹತ್ರ ಗುಂಡಿ ಜಾಸ್ತಿ.”

“ನನ್ನ ನೌಕರಿ ತೆಗೀತೀರಲ್ರಮ್ಮ.”

“ನಮ್ಮದು ಹೋಗೋದು ಗ್ಯಾರಂಟಿ. ನೀವು ತಡೆದ್ರಿ, ನಾವು ಕೇಳಲಿಲ್ಲ ಅಂತ ಹೇಳಿ. ನಾನೇ ಸಾಕ್ಷಿ ಹೇಳ್ತೀನಿ.”

ಪೇದೆ ಕೂತ. ಹುಡುಗಿ ಕೂರಲಿಲ್ಲ. ಬೆಳಕು ಹರಿಯುವ ಮುಂಚಿನಿಂದ ನಿಂತೇ ಇದ್ದವಳು, ಬಂದೋಬಸ್ತಿಗೆ ಹಾಕಿದರೆ ಎಂಟು ಗಂಟೆಯ ಲೆಕ್ಕವೂ ಇಲ್ಲ. ಯಾರೋ ನೀರಿನ ಬಾಟಲಿ ಚಾಚಿದರು. ಅವಳು ಬೇಡ ಅಂದಳು, ಡ್ರೈವರಿನ ಬ್ಯಾಡ್ಜಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು. ಅವಳ ಮೇಲೂ ಯಾರಿಗೂ ಸಿಟ್ಟು ಬರಲಿಲ್ಲ.

ಮಾರುಕಟ್ಟೆಯ ಸ್ಟಾಪಿನಲ್ಲಿ ಕಾಯುತ್ತಿದ್ದ ಇಬ್ಬರು ಮುದುಕರು ಬೋರ್ಡು ನೋಡದೆ ಕೈ ಅಡ್ಡ ಮಾಡಿದರು. ಅವನ ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಗಿ ಹಿಂದೆ ಬಂತು. ಆಸ್ಪತ್ರೆ ದಾಟಿತು. ಅವನ ಕೈ ಬೆವರಿ ಸ್ಟೇರಿಂಗು ಜಾರುತ್ತಿತ್ತು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಪಕ್ಕದಲ್ಲೇ ಕೂತು ಪ್ರಯಾಣ ಮಾಡುತ್ತಿತ್ತು. ಆದರೂ ಬಸ್ಸು ಹೋಗುತ್ತಿತ್ತು. ಇದೇ ಅವನಿಗೆ ಆಶ್ಚರ್ಯ.

ಪೊಲೀಸರೆಲ್ಲ ಸೇತುವೆಯ ಹತ್ತಿರ ಸೇರಿದ್ದರಿಂದ ಈ ಕಡೆಯಲ್ಲಿ ತಡೆಯೇ ಇರಲಿಲ್ಲ. ಸಚಿವಾಲಯದ ದೊಡ್ಡ ಗೇಟಿನ ಎದುರೇ ಬಸ್ ಸ್ಟಾಪು. ಅವನು ದಿನವೂ ನಿಲ್ಲಿಸುವ ಜಾಗಕ್ಕೇ ತಂದು, ಹ್ಯಾಂಡ್‌ಬ್ರೇಕು ಎಳೆದು, ಎರಡೂ ಬಾಗಿಲು ತೆಗೆದ.

ಕಂಡಕ್ಟರಮ್ಮ ಎದ್ದು ನಿಂತು ದಿನವೂ ಕೂಗುವ ಹಾಗೆಯೇ ಕೂಗಿದಳು. “ಸಚಿವಾಲಯ, ಸಚಿವಾಲಯ! ಇಳಿಯೋರು ಇಳೀರಿ. ಸಾಮಾನು ನೋಡ್ಕೊಳಿ.”

ಅವರು ಇಳಿದರು. ನೂಕುನುಗ್ಗಲಿಲ್ಲ, ಒಬ್ಬರ ಕೈ ಒಬ್ಬರು ಹಿಡಿದು ಇಳಿದು, ರಸ್ತೆ ದಾಟಿ, ಗೇಟಿನ ಮುಂದೆ ಕೂತರು. ಎಳೆಮಗುವಿನ ತಾಯಿಯನ್ನು ಅಕ್ಕ ಒಂದು ಆಟೋ ಹತ್ತಿಸಿ ಮನೆಗೆ ಕಳಿಸಿದಳು. ಗೇಟಿನ ಕಾವಲುಗಾರ ಬಾಯಿ ತೆರೆದು ನಿಂತಿದ್ದ. ಸೇತುವೆಯ ಆಚೆ ಕೂತಿದ್ದವರಿಗೆ ಯಾರೋ ಫೋನು ಮಾಡಿ ಹೇಳಿದರು. ಅಲ್ಲಿಂದ ಎದ್ದ ಕೂಗು ಇಷ್ಟು ದೂರಕ್ಕೂ ಕೇಳಿಸಿತು.

ಇನ್‌ಸ್ಪೆಕ್ಟರ ಜೀಪು ಧೂಳೆಬ್ಬಿಸಿಕೊಂಡು ಬರುವ ಹೊತ್ತಿಗೆ ಅವನು ಸೀಟಿನಲ್ಲೇ ಕೂತು ಊಟದ ಡಬ್ಬಿ ತೆರೆದಿದ್ದ. ಎರಡು ತುತ್ತು ಹೊಟ್ಟೆಗೆ ಹೋಗಿತ್ತು. ಅವರು ಬಾಗಿಲು ಕಿತ್ತುಬರುವಂತೆ ಎಳೆದರು.

“ಇಳಿಯೋ ಕೆಳಗೆ. ಯಾರು ಹೇಳಿದ್ರು ನಿನಗೆ ಇಲ್ಲಿಗೆ ತರೋಕೆ?”

“ಯಾರೂ ಹೇಳ್ಲಿಲ್ಲ ಸಾರ್.”

“ಮತ್ತೆ?”

ಅವನು ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, ಇಳಿದು ನಿಂತ. 

“ನನ್ನ ಬಸ್ಸು ಹತ್ತಿದೋರನ್ನ ಬಸ್ಸೇ ಬರದ ಕಡೆ ಇಳಿಸಿ ನನಗೆ ಅಭ್ಯಾಸ ಇಲ್ಲ ಸಾರ್.”

ಅವನನ್ನೂ ಕಂಡಕ್ಟರಮ್ಮನನ್ನೂ ಜೀಪಿಗೆ ಹತ್ತಿಸಿದರು. ಆದರೆ ಜೀಪು ಹೊರಡಲಿಲ್ಲ. ಹೆಂಗಸರು ಗೇಟು ಬಿಟ್ಟು ಬಂದು ಜೀಪಿನ ನಾಲ್ಕೂ ಕಡೆ ಕೂತಿದ್ದರು. ಅಕ್ಕ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಳು. ಪೊಲೀಸರು ಬೇರೆ ಗಾಡಿ ತರಿಸಿ ಅವರಿಬ್ಬರನ್ನು ಒಯ್ಯುವಷ್ಟರಲ್ಲಿ ಸಾಯಂಕಾಲವಾಯಿತು. ಸ್ಟೇಷನ್ನಿಗೆ ಹೋದರೆ ಅದರ ಮುಂದೆಯೂ ನೀಲಿ ಕೋಟುಗಳು ಕೂತಿದ್ದವು. ದೀಪ ಹಚ್ಚುವ ಹೊತ್ತಿಗೆ ಇಬ್ಬರನ್ನೂ ಹೊರಗೆ ಕಳಿಸಿದರು.

ಮನೆಯಲ್ಲಿ ಹೆಂಡತಿ ಮೊದಲು ಬೈದಳು. ಚೆನ್ನಾಗಿಯೇ ಬೈದಳು. ಮಗಳ ಓದು, ಮನೆಯ ಬಾಡಿಗೆ, ತನ್ನ ತವರು, ಎಲ್ಲವನ್ನೂ ತಂದು ಮುಂದಿಟ್ಟಳು. ಬೈದು ಮುಗಿದ ಮೇಲೆ, ಪಾತ್ರೆ ತೊಳೆಯುತ್ತ, ತಿರುಗದೆಯೇ ಕೇಳಿದಳು. “ಎಡಕ್ಕೆ ತಿರುಗಿಸಿದಾಗ ಅತ್ತಿಗೆ ಮುಖ ಹೇಗಿತ್ತು?”

“ನೋಡ್ಲಿಲ್ಲ. ರಸ್ತೆ ನೋಡ್ತಿದ್ದೆ.”

“ಇನ್ನೊಂದು ಸಲ ತಿರುಗಿಸಿದ್ರೆ ನೋಡ್ಕೊಂಡು ಬನ್ನಿ” ಅಂದಳು.

ಮಾರನೆಯ ದಿನ ಇಬ್ಬರಿಗೂ ಅಮಾನತ್ತಿನ ಆದೇಶ ಬಂತು. ಅದೇ ಸಂಜೆ ಮೊದಲನೆಯ ಬಸ್ಸಿನ ಡ್ರೈವರು ಮನೆಗೆ ಬಂದ. ಚಹಾ ಕೊಟ್ಟರೆ ಲೋಟ ಹಿಡಿದು ಹಾಗೇ ಕೂತಿದ್ದ. ಕ್ವಾರಿಯಲ್ಲಿ ಎಲ್ಲರನ್ನೂ ಇಳಿಸಿ ಬಂದಿದ್ದನಂತೆ. ಅವರು ನಡೆದು ಊರು ಸೇರುವಷ್ಟರಲ್ಲಿ ಕತ್ತಲಾಗಿತ್ತು, ಒಬ್ಬಳಿಗೆ ದಾರಿಯಲ್ಲಿ ಪ್ರಜ್ಞೆ ತಪ್ಪಿತ್ತು.

“ಬೈದಿದ್ರೆ ತಡ್ಕೋತಿದ್ದೆ ಕಣೋ” ಅಂದ ಆ ಡ್ರೈವರು. “ಇಳಿಯುವಾಗ ಒಬ್ಬ ವಯಸ್ಸಾದೋಳು, ದಿನಾ ಅನ್ನೋ ಹಾಗೇ, ‘ಹುಷಾರಾಗಿ ಹೋಗಪ್ಪ’ ಅಂದ್ಲು. ನನಗೆ. ಅವಳನ್ನ ಕಲ್ಲಿನ ಮಧ್ಯೆ ಇಳಿಸಿ ಹೋಗೋನಿಗೆ.”

ಅದಾದ ಮುಂದಿನ ವಾರ ಹೆಂಗಸರು ಮತ್ತೆ ನಡೆಯುವುದಾಗಿ ಸಾರಿದರು. ಪೊಲೀಸರು ಡಿಪೋಗೆ ಮತ್ತೆ ಬಸ್ಸು ಕೇಳಿದರು, ಈ ಸಲ ಇನ್ನೂ ಹೆಚ್ಚು. ಆ ಬೆಳಿಗ್ಗೆ ಡಿಪೋದಲ್ಲಿ ವಿಚಿತ್ರ ನಡೆಯಿತು. ಬೋರ್ಡಿಗೆ ‘ವಿಶೇಷ’ ಹಾಕಿದ ಒಂದು ಬಸ್ಸಿಗೆ ಬ್ರೇಕು ಹಿಡಿಯುತ್ತಿರಲಿಲ್ಲ. ಇನ್ನೊಂದರ ಸ್ಟೇರಿಂಗು ಬಿಗಿದಿತ್ತು. ಮತ್ತೊಂದು ಬಸ್ಸು ಸರಿಯಾಗಿಯೇ ಇತ್ತು, ಡ್ರೈವರಿಗೆ ಮಾತ್ರ ಭೇದಿ ಹತ್ತಿತ್ತು. ಮೆಕ್ಯಾನಿಕ್ಕು ಪ್ರತಿಯೊಂದು ಬಸ್ಸಿನ ಕೆಳಗೂ ನುಸುಳಿ ಬಂದು, ಗಂಭೀರವಾಗಿ ತಲೆಯಾಡಿಸಿ, “ಇದನ್ನ ರಸ್ತೆಗೆ ಬಿಟ್ರೆ ಜನ ಸಾಯ್ತಾರೆ ಸಾರ್” ಎಂದು ಹೇಳಿದ. ಮ್ಯಾನೇಜರು ಬಸ್ಸಿಂದ ಬಸ್ಸಿಗೆ ಓಡಾಡಿ ಸುಸ್ತಾಗಿ ಕೊನೆಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅದೇ ದಿನ ಅವನಿಗೆ ವಿಚಾರಣೆಗೆ ಕರೆ. ಮುಖ್ಯ ಕಚೇರಿಯ ಎರಡನೆಯ ಮಹಡಿಯಲ್ಲಿ, ಫ್ಯಾನು ತಿರುಗುವಾಗ ಕಾಗದಗಳ ಮೇಲೆ ಕಲ್ಲಿಟ್ಟುಕೊಂಡು ಕೂತಿದ್ದ ಅಧಿಕಾರಿ ಕೆಟ್ಟವರಲ್ಲ. ಅವನಿಗೆ ಕುರ್ಚಿ ತೋರಿಸಿದರು.

“ನೋಡಪ್ಪ, ನಿನ್ನ ಮೇಲೆ ಒಂದು ಕಪ್ಪುಚುಕ್ಕೆ ಇಲ್ಲ. ನನಗೂ ಇದನ್ನ ಎಳೆಯೋಕೆ ಇಷ್ಟ ಇಲ್ಲ. ಒಂದೇ ಸಾಲು ಬರೆದುಕೊಡು. ಗಲಾಟೇಲಿ ದಾರಿ ತಪ್ಪಿತು, ಕ್ಷಮಿಸಿ ಅಂತ. ನಾಳೆಯಿಂದ ಡ್ಯೂಟಿಗೆ ಬಾ.”

ಅವನು ಪೆನ್ನು ತೆಗೆದುಕೊಂಡ. ಕಾಗದವನ್ನು ಹತ್ತಿರ ಎಳೆದುಕೊಂಡ.

“ದಿನಾ ಓಡಿಸೋ ರಸ್ತೆ ಸಾರ್ ಅದು. ಕಣ್ಣು ಕಟ್ಟಿದ್ರೂ ತಪ್ಪಲ್ಲ. ದಾರಿ ತಪ್ಪಿತು ಅಂತ ಬರೆದ್ರೆ ಡಿಪೋದಲ್ಲಿ ನಗ್ತಾರೆ.”

“ಹಾಗಾದ್ರೆ ಏನು ಬರೀತೀಯ?”

‘ಗೊತ್ತಿದ್ದೇ ತಿರುಗಿಸಿದೆ’ ಎಂದು ಬರೆದು, ಕೆಳಗೆ ಸಹಿ ಹಾಕಿ, ಕಾಗದವನ್ನು ಅವರ ಕಡೆ ತಳ್ಳಿದ. ಅಧಿಕಾರಿ ಅದನ್ನು ಓದಿದರು, ಅವನ ಮುಖ ನೋಡಿದರು. “ನಿನ್ನ ಕಂಡಕ್ಟರಮ್ಮ ಬೆಳಿಗ್ಗೆ ಬಂದು ‘ಸೀಟಿ ಊದಿದ್ದು ನಾನೇ, ಇನ್ನೂ ಊದ್ತೀನಿ’ ಅಂತ ಬರೆದು ಹೋದ್ಲು. ಇಬ್ರೂ ಮಾತಾಡ್ಕೊಂಡು ಬಂದಿದ್ದೀರಾ?”

“ಇಲ್ಲ ಸಾರ್. ಅವಳ ಜೊತೆ ಮಾತಾಡಿ ಗೆದ್ದೋರು ಯಾರೂ ಇಲ್ಲ, ನಾನು ಮಾತೇ ಆಡಲ್ಲ.”

ಕೆಲಸ ಆ ದಿನ ವಾಪಸ್ ಬರಲಿಲ್ಲ. ಅವನು ಮೆಟ್ಟಿಲಿಳಿದು ಹೊರಗೆ ಬಂದಾಗ ಮೆರವಣಿಗೆ ಆಗಲೇ ಆ ರಸ್ತೆಗೆ ಬಂದಿತ್ತು. ಕಂಡಕ್ಟರಮ್ಮ ಸಮವಸ್ತ್ರದಲ್ಲೇ ಅದರ ಪಕ್ಕ ನಡೆಯುತ್ತ, ಸಾಲು ತಪ್ಪಿದವರಿಗೆ ಸೀಟಿ ಊದುತ್ತಿದ್ದಳು. ಅವಳ ಹಿಂದೆ ಖಾಕಿ ಅಂಗಿಗಳು, ಬಸ್ಸು ಕೆಟ್ಟು ಕೆಲಸವಿಲ್ಲದೆ ಬಂದ ಡ್ರೈವರುಗಳು. ಭೇದಿ ಹತ್ತಿದವನೂ ಇದ್ದ. ಇವನೂ ಅವರ ಸಾಲಿಗೆ ಸೇರಿಕೊಂಡ.

ಸೇತುವೆಯ ಹತ್ತಿರ ಅದೇ ತಡೆಗಳಿದ್ದವು, ಹಿಂದೆ ಪೊಲೀಸರೂ ಇದ್ದರು. ಹೊತ್ತೊಯ್ಯಲು ಗಾಡಿಗಳು ಮಾತ್ರ ಸಾಲದಾಗಿದ್ದವು. ತಡೆಯ ಹಿಂದಿದ್ದ ವಯಸ್ಸಾದ ಪೇದೆ ಅವನನ್ನು ಗುರುತು ಹಿಡಿದು, “ಇವತ್ತು ಬಸ್ಸಿಲ್ವಾ?” ಎಂದು ಕೇಳಿದ. “ಇಲ್ಲ ಸಾರ್, ಇವತ್ತು ನಡಿಗೆ” ಅಂದ ಅವನು. ಎಲ್ಲರೂ ಕೂತರು. ಬಿಸಿಲು ಏರಿತು, ಇಳಿಯಿತು. ಎಳೆಮಗುವಿನ ತಾಯಿ ಈ ಸಲ ಮಗುವನ್ನೂ ತಂದಿದ್ದಳು, ಅದು ಒಬ್ಬರ ತೊಡೆಯಿಂದ ಒಬ್ಬರ ತೊಡೆಗೆ ಹೋಗುತ್ತಿತ್ತು.

ಮಧ್ಯಾಹ್ನ ಕಳೆದ ಮೇಲೆ ಸಚಿವಾಲಯದಿಂದ ಒಬ್ಬ ಅಧಿಕಾರಿ ಬಂದು, ಮಂತ್ರಿಗಳು ಮಾತಿಗೆ ಸಿದ್ಧರಿದ್ದಾರೆ, ನಿಮ್ಮಲ್ಲಿ ಐದು ಜನ ಒಳಗೆ ಬನ್ನಿ ಅಂದರು.

ಅಕ್ಕ ಕೂತಲ್ಲಿಂದಲೇ ಅವರ ಕಾಲರನ್ನು ಒಮ್ಮೆ ನೋಡಿ, ಆಮೇಲೆ ಮುಖ ನೋಡಿದಳು.

“ಐದು ಜನ ಯಾಕೆ ಸಾರ್? ಹನ್ನೆರಡು ಗಂಟೆ ದುಡಿಯೋದು ಐದೇ ಜನಾನಾ? ಅವರನ್ನೇ ಇಲ್ಲಿಗೆ ಬರೋಕೆ ಹೇಳಿ. ಜಾಗ ಬೇಕಾದಷ್ಟಿದೆ.”

“ಮಂತ್ರಿಗಳು ಬೀದಿಗೆ ಬರೋಕಾಗುತ್ತಾಮ್ಮ?”

“ಓಟು ಕೇಳೋಕೆ ಬಂದಿದ್ರಲ್ಲ. ಇದೇ ಬೀದಿ.”

ಅಧಿಕಾರಿ ಹೋದರು. ಒಂದು ಸುತ್ತು ಮಾತು ಒಳಗೆ ನಡೆಯಿತೋ ಎರಡು ಸುತ್ತೋ. ಬಿಸಿಲು ಕೆಂಪಾಗುವ ಹೊತ್ತಿಗೆ ಸೇತುವೆಯ ಆ ತುದಿಯಲ್ಲಿ ಬಿಳಿ ಬಟ್ಟೆಯ ಒಂದು ಗುಂಪು ಕಾಣಿಸಿತು. ಮಂತ್ರಿಗಳು ನಡೆದು ಬಂದರು. ತಡೆಯ ಸರಪಳಿಯನ್ನು ಪೊಲೀಸರೇ ಬಿಚ್ಚಬೇಕಾಯಿತು. ಕಾನೂನನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ, ಮರು ಪರಿಶೀಲನೆ ಮಾಡುತ್ತೇವೆ ಎಂದು ಅವರು ಮೈಕಿನಲ್ಲಿ ಹೇಳಿದರು. ಚಪ್ಪಾಳೆಗೆ ಕಾದರು. ಚಪ್ಪಾಳೆ ಬರಲಿಲ್ಲ.

“ತಡೆಹಿಡಿಯೋದು ಅಂದ್ರೆ ಕೈಯಲ್ಲಿ ಇಟ್ಕೊಂಡಿರೋದು” ಅಂದಳು ಅಕ್ಕ. ಮೈಕಿಲ್ಲದೆಯೂ ಅವಳ ದನಿ ಹಿಂದಿನ ಸಾಲಿನವರೆಗೆ ಹೋಯಿತು. “ಕೈಬಿಟ್ಟೆವು ಅಂತ ಹೇಳಿ. ಹೇಳೋತನಕ ನಾವು ಇಲ್ಲೇ ಇರ್ತೀವಿ. ಮತ್ತೆ ನಮ್ಮ ಡ್ರೈವರು, ಕಂಡಕ್ಟರಮ್ಮನ ಅಮಾನತ್ತು ಇದೆ, ಅದನ್ನೂ ಮಾತಾಡಿ.”

ಮಂತ್ರಿಗಳ ಹಿಂದಿದ್ದವನೊಬ್ಬ ಅವರಿಗಾಗಿ ಕುರ್ಚಿ ತಂದಿಟ್ಟ. ಅವರು ಕೂರಲೋ ಬೇಡವೋ ಎಂದು ನೋಡುತ್ತಿದ್ದರು. ಎದುರಿಗೆ ಕಣ್ಣು ಹಾಯುವಷ್ಟು ದೂರ ಎಲ್ಲರೂ ನೆಲದ ಮೇಲೆ ಕೂತಿದ್ದರು. ಅವನು ಅಕ್ಕನ ಪಕ್ಕದಲ್ಲಿ, ಎಳೆಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಲು ಮಡಿಸಿ ಕೂತಿದ್ದ. ಯಾರೂ ಏಳಲಿಲ್ಲ.